ಬಿಕ್ಕಳಿಸಿದ ಸೈರನ್

ಅಪ್ಪ ಅದೇ ಲೋಟವನ್ನು ಮತ್ತೆ ತೊಳೆಯುತ್ತಿದ್ದ. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

“ಲೋಟ ಸವೆದುಹೋಗುತ್ತೆ, ಅಪ್ಪ.”

“ಸವೀಲಿ ಬಿಡು. ಕೆಲಸ ಕಳ್ಕೊಂಡ ಕೈ. ಅದಕ್ಕೂ ಏನಾದ್ರೂ ಬೇಕಲ್ಲ.”

“ಇನ್ನೂ ಕಳ್ಕೊಂಡಿಲ್ಲ.”

“ಮನೇಲಿ ಕೂರಿಸಿದ್ದಾರೆ. ಮುಂದಿನ ವಾರ ಕಾಗದ ಕೈಗೆ ಕೊಟ್ರೆ ಅಲ್ಲಿಗೆ ಮುಗೀತು.” ಅಪ್ಪ ಲೋಟ ಬೋರಲು ಹಾಕಿದ. ಮತ್ತೆ ಎತ್ತಿಕೊಂಡ.

ಅಪ್ಪನದು ಅಣೆಕಟ್ಟಿನ ಸೈರನ್ ಊದುವ ಕೆಲಸ. ಊರಿನವರಿಗೆ ಅವನು ಸೈರನ್ನಣ್ಣ. ಕೆರೆಯಷ್ಟು ನೀರನ್ನು ಹೊಳೆಗೆ ಬಿಡುವ ಮೊದಲು ಸೈರನ್ ಊದಬೇಕು, ಊದಿ ಮುಗಿಸಿ ಫೋನಿನಲ್ಲಿ ಗೇಟಿನವನಿಗೆ “ಎತ್ತು” ಅನ್ನಬೇಕು. ಅವನು ಆ ಒಂದು ಮಾತು ಆಡದೆ ತೊಟ್ಟು ನೀರೂ ಕೆಳಕ್ಕೆ ಹೋಗುವಂತಿಲ್ಲ. ತಲೆಗೂದಲು ಕಪ್ಪಿದ್ದಾಗ ಆ ಕೋಣೆಗೆ ಹೋದವನು, ಅದು ನರೆಯುವವರೆಗೂ ಒಂದು ದಿನವೂ ಊದುವುದನ್ನು ತಪ್ಪಿಸಿದವನಲ್ಲ. ಅವನಿಗೆ ಅದರ ಮೇಲೆ ಸ್ವಲ್ಪ ಜಂಬವೂ ಇತ್ತು. ಎಲ್ಲಿಗೆ ಹೋದರೂ ಸಮಯ ಸಿಕ್ಕಿದಾಗ “ನಿಮ್ಮ ಬೀದಿಗೆ ನಮ್ಮ ಸೈರನ್ ಕೇಳುತ್ತೇನ್ರೀ?” ಎಂದು ವಿಚಾರಿಸುತ್ತಿದ್ದ. ಕೇಳುತ್ತೆ ಅಂದರೆ ಮುಖ ಅರಳುತ್ತಿತ್ತು.

ಈಗ ಆ ಜಂಬಕ್ಕೇ ಪೆಟ್ಟು ಬಿದ್ದಿತ್ತು. ಹೋದ ವಾರ ಒಂದು ಮಧ್ಯಾಹ್ನ ನೀರು ಬಿಟ್ಟಾಗ, ಕೆಳಗೆ ಹೊಳೆಯ ಅಂಚಿನಲ್ಲಿರುವ ಒಗೆಯುವ ಕಟ್ಟೆಯವರು ಇನ್ನೂ ನೀರಿನಲ್ಲೇ ನಿಂತಿದ್ದರು. ಆಸ್ಪತ್ರೆಯ ಹಾಸು, ಹೋಟೆಲಿನ ಹೊದಿಕೆ ಎಲ್ಲ ಕೊಚ್ಚಿಹೋದವು. ಕಟ್ಟೆಯ ಯಜಮಾನಿ ಸೊಂಟದವರೆಗಿನ ನೀರಿನಲ್ಲಿ ಒಂದು ಕಬ್ಬಿಣದ ಕಂಬ ತಬ್ಬಿಕೊಂಡು ನಿಂತಳು. ಉಳಿದವರು ಹಾಸುಗಳನ್ನು ಒಂದಕ್ಕೊಂದು ಗಂಟು ಹಾಕಿ ಎಸೆದು ಅವಳನ್ನು ದಡಕ್ಕೆ ಎಳೆದರು. ಜೀವಕ್ಕೆ ಅಪಾಯ ಆಗಲಿಲ್ಲ. ಆದರೆ ಕಟ್ಟೆಯಲ್ಲಿದ್ದ ಅಷ್ಟೂ ಜನ ಒಂದೇ ಬಾಯಲ್ಲಿ ಹೇಳಿದರು: ಸೈರನ್ ಊದಲಿಲ್ಲ.

ಅಪ್ಪ ಹೇಳಿದ: ಊದಿದೆ.

ಮಾರನೆಯ ಬೆಳಗ್ಗೆ, ಎಂದಿನಂತೆ ಸೂರ್ಯ ಮೇಲೇರುವ ಮೊದಲು, ಎಂಜಿನಿಯರ್ ಸೈರನ್ ಪರೀಕ್ಷೆ ಮಾಡಿಸಿದರು. ಕಟ್ಟೆಗಷ್ಟೇ ಅಲ್ಲ, ಅದರಾಚೆಯ ಬೇಕರಿಯವನಿಗೂ ಗಂಟೆ ಹೊಡೆದ ಹಾಗೆ ಕೇಳಿಸಿತು. ಯಂತ್ರ ಸರಿಯಿದೆ ಎಂದಾಯಿತು. ಹಾಗಾದರೆ ಸರಿಯಿಲ್ಲದ್ದು ಯಾವುದು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಿದ್ದೆಗಣ್ಣಲ್ಲಿ ‘ಎತ್ತು’ ಅಂದುಬಿಟ್ಟ ಅಂದರು ಕೆಲವರು. ಊದುವುದನ್ನು ಮರೆತು, ಈಗ ಸುಳ್ಳು ಹೇಳುತ್ತಾನೆ ಅಂದರು ಇನ್ನು ಕೆಲವರು. ಹಾಗೆ ಅಂದವರಲ್ಲಿ ಕಟ್ಟೆಯ ಯಜಮಾನಿಯದೇ ದೊಡ್ಡ ಗಂಟಲು.

ಆ ಯಜಮಾನಿ ಅಪ್ಪನ ಒಡಹುಟ್ಟಿದ ತಂಗಿ.

ಮಗಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಗೆ ಬಂದು ಸ್ವಲ್ಪ ದಿನವಾಗಿತ್ತು. ಅವಳ ಓದಿನ ಕೊನೆಯ ವರ್ಷವೆಲ್ಲ ಶಬ್ದದ ಮೇಲೆಯೇ ಹೋಗಿತ್ತು. ಆದರೆ ಶಬ್ದ ಓದಿದವಳಿಗೆ ಮಾತೇ ಬೇಡ. ಅತ್ತೆ ಅವಳನ್ನು ಚಿಕ್ಕಂದಿನಿಂದ ಗುಮ್ಮನಗುಸುಕಿ ಎಂದೇ ಕರೆಯುತ್ತಿದ್ದಳು. ಫ್ರಿಜ್ ಗುಂಯ್‌ಗುಡುವುದು ನಿಂತ ಕೂಡಲೇ ಮನೆಯಲ್ಲಿ ಹುಟ್ಟುವ ಮೌನ ಒಂದು ಬಗೆ, ಯಾರೋ ಮಾತು ನುಂಗಿದಾಗ ಹುಟ್ಟುವುದು ಇನ್ನೊಂದು ಬಗೆ ಎಂದು ಅವಳಿಗೆ ಗೊತ್ತಿತ್ತು. ಈ ವಾರ ಅಪ್ಪನ ಸುತ್ತ ಇದ್ದದ್ದು ಎರಡನೆಯದು. ಅವನು ‘ಊದಿದೆ’ ಅನ್ನುತ್ತಿದ್ದ, ಆಮೇಲೆ ಇನ್ನೇನೋ ಹೇಳಲು ಹೊರಟವನಂತೆ ತುಟಿ ಬಿಗಿಹಿಡಿಯುತ್ತಿದ್ದ.

“ನಾನು ಕಟ್ಟೆಗೆ ಹೋಗಿಬರ್ತೀನಿ,” ಎಂದಳು.

“ಯಾಕೆ? ಬೈಸ್ಕೊಳ್ಳೋಕಾ?”

“ಕೇಳ್ಕೊಂಡು ಬರೋಕೆ.”

ಅಪ್ಪ ಲೋಟ ತೊಳೆಯುತ್ತಲೇ ಇದ್ದ.

*

ಕಟ್ಟೆಯಲ್ಲಿ ಕಲ್ಲುಗಳು ಸಾಲಾಗಿದ್ದವು. ಹೆಂಗಸರು ಒದ್ದೆ ಹಾಸುಗಳನ್ನು ತಲೆಯ ಮೇಲೆತ್ತಿ ಬಡಿಯುತ್ತಿದ್ದರು. ಒಂದು ಕಡೆ ಬಟ್ಟೆ ಬೇಯಿಸುವ ದೊಡ್ಡ ಹಂಡೆ, ಇನ್ನೊಂದು ಕಡೆ ಒಣಹಾಕುವ ಹಗ್ಗಗಳು, ನಡುವೆ ಉದ್ದ ಕಾಲುಗಳ ಮೇಲೆ ನಿಂತ ಕಬ್ಬಿಣದ ನೀರಿನ ಟ್ಯಾಂಕು. ಅಲ್ಲಿಂದ ಅಣೆಕಟ್ಟಿನವರೆಗೂ ಬರೀ ಮರಳು ಮತ್ತು ಬೋಳು ಬಂಡೆ, ಅಡ್ಡ ಒಂದು ಗಿಡವೂ ಇಲ್ಲ. ಕಟ್ಟೆಯಲ್ಲಿ ನಿಂತರೆ ಅಣೆಕಟ್ಟಿನ ಮೇಲಿನ ಸೈರನ್ ಕೊಂಬು ಬರಿಗಣ್ಣಿಗೇ ಕಾಣುತ್ತಿತ್ತು. ಅತ್ತೆಯ ಸಿಟ್ಟಿಗೆ ಅದೇ ಕಾರಣ.

“ಅಗೋ ನೋಡು, ಕಣ್ಣೆದುರಿಗೇ ಇದೆ. ಇಷ್ಟು ಹತ್ತಿರದಿಂದ ಊದಿದ್ರೆ ನಮಗೆ ಕೇಳಲ್ವಾ? ನಮ್ಮ ಕಿವಿ ಏನು ಬಾಡಿಗೆಗೆ ಕೊಟ್ಟಿದ್ವಾ?” ಅತ್ತೆಯ ಮೊಣಕೈಯಲ್ಲಿ ಕಂಬ ತರಚಿದ ಗಾಯ ಇನ್ನೂ ಕೆಂಪಗಿತ್ತು. “ನಿಮ್ಮಪ್ಪ ‘ಮರೆತೆ ಕಣೆ ತಂಗಿ’ ಅಂದಿದ್ರೆ ಅವತ್ತೇ ಹೊಟ್ಟೆಗೆ ಹಾಕ್ಕೊಳ್ತಿದ್ದೆ. ಊದ್ದೆ ಅಂತಾನಲ್ಲ! ಅಂದ್ರೆ ಸುಳ್ಳು ಹೇಳ್ತಿರೋಳು ನಾನಾ?”

“ನೀನೂ ಸುಳ್ಳು ಹೇಳ್ತಿಲ್ಲ, ಅತ್ತೆ.”

“ಓಹೋ. ಗುಮ್ಮನಗುಸುಕಿ ಬಾಯಿಬಿಟ್ಟಳು. ಇಬ್ಬರೂ ನಿಜ ಹೇಳ್ತಿದ್ದೀವಿ ಅಂತಾಯ್ತು. ಸೈರನ್ನೇ ಸುಳ್ಳು ಹೇಳ್ತಾ ಹಾಗಾದ್ರೆ?”

ಹೆಂಗಸರು ನಕ್ಕರು. ಆಗ ನೆರಳಿನಲ್ಲಿ ಹಾಸು ಮಡಿಸುತ್ತಿದ್ದ ಮುದುಕ ಕೈಯೆತ್ತಿದ. ಅವನ ಕಿವಿಯಲ್ಲಿ ಹಳೆಯ ಶ್ರವಣಯಂತ್ರ ಒಂದಿತ್ತು, ಅದಕ್ಕೇ ಎಲ್ಲರಿಗೂ ಅವನು ಮಿಷನ್ ತಾತ.

“ನಾನು ಅವತ್ತೇ ಹೇಳಿದೆ. ಊದ್ತು. ಆದ್ರೆ ಪೂರಾ ಊದಲಿಲ್ಲ. ಬಿಕ್ಕಳಿಸ್ತು.”

“ಶುರುವಾಯ್ತಾ ನಿಂದು!” ಅತ್ತೆ ಹಣೆ ಬಡಿದುಕೊಂಡಳು. “ಎಂಜಿನಿಯರ್ ಮುಂದೆಯೂ ಹೀಗೇ ಅಂದ. ಅವರು ನಗು ತಡ್ಕೊಳ್ಳೋಕಾಗದೆ ಕನ್ನಡಕ ಒರೆಸಿಕೊಂಡ್ರು. ಕಿವಿ ಕೇಳೋರು ಇಷ್ಟು ಜನಕ್ಕೆ ಕೇಳದ್ದು ಈ ಕಿವುಡನಿಗೆ ಕೇಳ್ತಂತೆ.”

ಮಗಳು ಮಾತ್ರ ನಗಲಿಲ್ಲ. ತಾತನ ಪಕ್ಕ ಮಂಡಿಯೂರಿ ಕೂತಳು. “ಹೇಗೆ ಬಿಕ್ಕಳಿಸ್ತು ತಾತ?”

“ಒಂದು ಚೂರು ‘ಪೋಂ’. ಆಮೇಲೆ ಏನೂ ಇಲ್ಲ. ಮತ್ತೆ ಒಂದು ಚೂರು. ಯಾರೋ ಬಾಯಿ ಮುಚ್ಚಿ ಬಿಟ್ಟು, ಮುಚ್ಚಿ ಬಿಟ್ಟು ಮಾಡಿದ ಹಾಗೆ. ಮಿಷನ್ ಕೆಟ್ಟಿದೆ ಅಂತ ತಟ್ಟಿ ನೋಡಿದೆ.”

“ಆಗ ನೀನು ಏನು ಮಾಡ್ತಿದ್ದೆ?”

“ಮಡಿಸೋಕೆ ಒಣಗಿದ ಬಟ್ಟೆ ಇರಲಿಲ್ಲ. ಸುಮ್ಮನೆ ಕೂತಿದ್ದೆ.”

ಅವಳು ಎದ್ದು ನಿಂತಳು. ಅಲ್ಲಿ ಸುಮ್ಮನೆ ಕೂತಿದ್ದವನು ಅವನೊಬ್ಬನೇ. ಉಳಿದವರ ಕಿವಿಯ ತುಂಬ ಬಟ್ಟೆ ಬಡಿಯುವ ಸದ್ದು. ಅವಳು ಅಣೆಕಟ್ಟಿನ ಕಡೆ ನೋಡಿದಳು. ಮಧ್ಯಾಹ್ನದ ಬಿಸಿಲಿಗೆ ಮರಳಿನ ಮೇಲಿನ ಗಾಳಿ ಕುದಿಯುತ್ತಿತ್ತು. ದೂರದ ಸೈರನ್ ಕೊಂಬು ಒಂದೆಡೆ ನಿಲ್ಲದೆ ನೀರಿನೊಳಗಿನ ವಸ್ತುವಿನಂತೆ ತುಯ್ಯುತ್ತಿತ್ತು. ಗಾಳಿ ಕಟ್ಟೆಯ ಕಡೆಯಿಂದ ಅಣೆಕಟ್ಟಿನ ಕಡೆಗೆ, ಅವಳ ಬೆನ್ನಿಗೆ ತಳ್ಳಿ ಬೀಸುತ್ತಿತ್ತು.

“ಅತ್ತೆ, ಒಂದು ಉದ್ದನೆಯ ಹಾಸು ಕೊಡು.”

ಅವಳು ಇಬ್ಬರು ಹೆಂಗಸರಿಗೆ ಹಾಸಿನ ಎರಡು ತುದಿ ಹಿಡಿಸಿ, ಅಕ್ಕಪಕ್ಕ ನಿಲ್ಲಿಸಿ, ಬಿಗಿಯಾಗಿ ಹಿಡಿದುಕೊಂಡು ಮುಂದಕ್ಕೆ ನಡೆಯಲು ಹೇಳಿದಳು. ಇಬ್ಬರೂ ಒಂದೇ ವೇಗದಲ್ಲಿ ನಡೆದಾಗ ಹಾಸು ನೇರ ಹೋಯಿತು. “ಈಗ ಈ ಅಕ್ಕ ಬೇಗ ನಡೀಲಿ, ಆ ಅಕ್ಕ ನಿಧಾನ.” ಹಾಸು ನಿಧಾನ ನಡೆದವಳ ಕಡೆಗೆ ತಿರುಗಿ, ಇಬ್ಬರೂ ಹಂಡೆಗೆ ಡಿಕ್ಕಿ ಹೊಡೆಯುವುದರಲ್ಲಿದ್ದರು.

“ಸದ್ದು ಹೀಗೇ ಹೋಗೋದು. ಬಿಸಿ ಗಾಳೀಲಿ ಬೇಗ, ತಣ್ಣನೆ ಗಾಳೀಲಿ ನಿಧಾನ. ಮಧ್ಯಾಹ್ನ ಮರಳಿನ ಹತ್ತಿರ ಕಾದ ಗಾಳಿ, ಮೇಲೆ ತಂಪು. ಕೆಳಗಿನ ತುದಿ ಓಡುತ್ತೆ, ಮೇಲಿನ ತುದಿ ಹಿಂದೆ ಬೀಳುತ್ತೆ. ಅದರ ಜೊತೆಗೆ ಎದುರುಗಾಳಿ. ಅದು ನೆಲದ ಹತ್ತಿರ ಕಡಿಮೆ, ಮೇಲೆ ಜೋರು. ಮೇಲಿನ ತುದೀನ ಇನ್ನಷ್ಟು ಹಿಂದಕ್ಕೆ ತಳ್ಳುತ್ತೆ. ಹಾಸು ಯಾವ ಕಡೆ ತಿರುಗುತ್ತೆ?”

“ಮೇಲಕ್ಕೆ,” ಎಂದಳು ನಿಧಾನ ನಡೆದವಳು, ತನಗೇ ಆಶ್ಚರ್ಯವಾದಂತೆ.

“ನಮ್ಮ ತಲೆ ಮೇಲಿಂದ ಹಾರಿ ಹೋಗುತ್ತೆ. ಬೆಳಗಿನ ಜಾವ ಎಲ್ಲ ಉಲ್ಟಾ. ನೆಲ ತಣ್ಣಗೆ, ಮೇಲೆ ಬೆಚ್ಚಗೆ, ಗಾಳಿ ಇಲ್ಲ. ಸದ್ದು ಬಾಗಿ ಕೆಳಕ್ಕೇ ಬರುತ್ತೆ, ಬೇಕರಿವರೆಗೂ ಹೋಗುತ್ತೆ. ಮೋಡ ಮುಚ್ಚಿ ಗಾಳಿ ನಿಂತ ದಿನ ಮಧ್ಯಾಹ್ನವೂ ಕೇಳುತ್ತೆ, ಅದಕ್ಕೇ ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ.”

“ಮತ್ತೆ ಬಿಕ್ಕಳಿಕೆ?” ತಾತ ಬಿಡಲಿಲ್ಲ.

“ಕಾದ ಗಾಳಿ ಸುಮ್ಮನಿರಲ್ಲ ತಾತ, ಹಂಡೇಲಿ ನೀರು ಕುದಿಯೋ ಹಾಗೆ ಉಂಡೆ ಉಂಡೆಯಾಗಿ ಹೊರಳುತ್ತೆ. ಮೇಲೆ ಹೋಗ್ತಿರೋ ಹಾಸನ್ನ ಹರಿಯುತ್ತೆ. ಆ ಚಿಂದಿ ಕೆಳಗೆ ಬೀಳುತ್ತೆ. ನಿನಗೆ ಕೇಳಿಸಿದ್ದು ಆ ಚಿಂದಿ.”

ತಾತ ಸುತ್ತಲೂ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದ. ಅವನ ಮುಖದಲ್ಲಿ ಚುನಾವಣೆ ಗೆದ್ದವನ ಗತ್ತು.

ಅತ್ತೆ ಮಾತ್ರ ಮುಖ ಸಡಿಲಿಸಲಿಲ್ಲ. “ಹಾಸು ಹಿಡಿದೋರು ಹೇಗೆ ತಿರುಗಿಸಿದ್ರೆ ಹಾಗೆ ತಿರುಗುತ್ತೆ. ಓದಿದ್ದೀಯ, ಮಾತಲ್ಲಿ ಗೆಲ್ತೀಯ. ನನಗೆ ಮಾತು ಬೇಡ. ಮಧ್ಯಾಹ್ನ ಊದಿಸು. ನಾನು ಇದೇ ಕಲ್ಲಿನ ಹತ್ತಿರ ನಿಂತ್ಕೊಳ್ತೀನಿ, ನನ್ನ ಕಿವಿ ನನಗೆ ಹೇಳಲಿ. ಕೇಳಿಸ್ತೋ, ನಿಮ್ಮಪ್ಪ ಈ ಜನ್ಮದಲ್ಲಿ ನನ್ನ ಮನೆ ಮೆಟ್ಟಿಲು ಹತ್ತೋ ಹಾಗಿಲ್ಲ.”

“ಕೇಳಿಸದೆ ಇದ್ರೆ?”

ಅತ್ತೆ ಹಾಸನ್ನು ಕಸಿದುಕೊಂಡು ಕಲ್ಲಿಗೆ ಬಡಿಯತೊಡಗಿದಳು.

*

ದೂರು ಕೊಟ್ಟವಳೇ ಮಧ್ಯಾಹ್ನದ ಪರೀಕ್ಷೆ ಕೇಳಿದಾಗ ಎಂಜಿನಿಯರ್‌ಗೆ ಬೇಡ ಅನ್ನಲು ಆಗಲಿಲ್ಲ. “ನಿಮ್ಮ ತಂದೆ ಮೇಲೆ ನನಗೆ ದ್ವೇಷ ಏನಿಲ್ಲಮ್ಮ,” ಎಂದು ಜೊತೆಗೆ ಬಂದಿದ್ದ ಮಗಳಿಗೆ ಹೇಳಿದರು. “ಪರೀಕ್ಷೆ ಬೆಳಗ್ಗೆಯೇ ಮಾಡೋದು ಇಲ್ಲಿನ ವಾಡಿಕೆ. ಬಿಸಿಲೇರೋ ಮೊದಲು ಮುಗಿಸಿಬಿಡೋಣ ಅಂತ ಯಾರೋ ಶುರುಮಾಡಿದ್ರು. ಅದೇ ನಡೀತಾ ಬಂತು.” ಹೇಳುತ್ತ ಹೇಳುತ್ತ ಅವರೇ ಮಾತು ನಿಲ್ಲಿಸಿದರು. ನೀರು ಬಿಡುವುದು ಯಾವಾಗಲೂ ಮಧ್ಯಾಹ್ನ. ಮೇಜಿನ ಮೇಲಿನ ಪೆನ್ನನ್ನು ಅವರು ಆ ಕಡೆಯಿಂದ ಈ ಕಡೆಗೆ ಇಟ್ಟರು. “ಸರಿ. ಸೈರನ್ ಅವರೇ ಊದಲಿ. ನಮ್ಮ ಗುಮಾಸ್ತ ಪಕ್ಕದಲ್ಲಿರ್ತಾನೆ. ಗೇಟು ತೆಗೆಯೋದಿಲ್ಲ. ನಾಳೆಯೇ ಆಗಿಹೋಗಲಿ.”

ಸಂಜೆ ಅವಳು ಸಂತೋಷದಿಂದ ಮನೆಗೆ ಓಡಿಬಂದರೆ, ಅಪ್ಪ ಕಲ್ಲಿನ ಹಾಗೆ ಕೂತ.

“ನಾನು ಊದಲ್ಲ.”

“ಅಪ್ಪ!”

“ಏನಂತ ಸಾಬೀತು ಮಾಡ್ತೀಯ? ನನ್ನ ಸೈರನ್ ಕೇಳಿಸೋದೇ ಇಲ್ಲ ಅಂತಾನಾ? ಇಷ್ಟು ವರ್ಷ ಮಧ್ಯಾಹ್ನ ಮಧ್ಯಾಹ್ನ ಊದಿದ್ದೆಲ್ಲ ಆಕಾಶಕ್ಕೆ ಹೋಯ್ತು, ಕೆಳಗಿದ್ದೋರು ದೇವರ ದಯೆಯಿಂದ ಬದುಕಿದ್ರು ಅಂತಾನಾ? ಅದಕ್ಕಿಂತ ನಾನು ನಿದ್ದೆಗಣ್ಣಲ್ಲಿದ್ದೆ ಅಂತಲೇ ಅಂದ್ಕೊಳ್ಳಲಿ. ಒಂದು ದಿನದ ತಪ್ಪು ಒಂದು ದಿನದ್ದು.”

ಅವಳು ಏನೂ ಹೇಳದೆ ಅವನ ಎದುರು ಕೂತಳು. ಅವನ ತುಟಿ ಮತ್ತೆ ಬಿಗಿಯಿತು. ಆ ಮೌನವನ್ನು ಅವಳು ಮುರಿಯಲು ಹೋಗಲಿಲ್ಲ, ಅದು ತಾನಾಗಿ ಬಿರಿಯುವವರೆಗೂ ಕಾದಳು.

“ನನಗೆ ಅವರ ಬಡಿತ ಕೇಳುತ್ತೆ,” ಎಂದ ಅಪ್ಪ ಕೊನೆಗೆ, ನೆಲ ನೋಡುತ್ತ. “ಮಧ್ಯಾಹ್ನ ಸೈರನ್ ಕೋಣೇಲಿ ಕೂತ್ರೆ, ಕಟ್ಟೇಲಿ ಬಟ್ಟೆ ಬಡಿಯೋದು ಪಕ್ಕದ ಮನೇಲಿ ಬಡಿದ ಹಾಗೆ ಕೇಳುತ್ತೆ. ನಿಮ್ಮತ್ತೆ ಯಾರಿಗೋ ಬೈದ್ರೆ ಯಾರಿಗೆ ಅಂತಲೂ ತಿಳಿಯುತ್ತೆ. ಅವಳ ಬೈಗುಳ ಇಲ್ಲೀವರೆಗೆ ಬರೋದಾದ್ರೆ ನನ್ನ ಸೈರನ್ ಅಲ್ಲೀವರೆಗೆ ಹೋಗಲ್ವಾ? ಹಾಗಂತಲೇ ನಂಬಿದ್ದೆ.”

“ಗಾಳಿ ಅಲ್ಲಿಂದ ನಿನ್ನ ಕಡೆಗೆ ಬೀಸುತ್ತೆ, ಅಪ್ಪ. ಬರೋ ಸದ್ದನ್ನ ಬಗ್ಗಿಸಿ ನಿನ್ನ ಕಿವಿಗೇ ತಂದುಹಾಕುತ್ತೆ. ಹೋಗೋದನ್ನ ಎತ್ತಿಬಿಡುತ್ತೆ.”

“ಅವತ್ತು ಊದಿ ಮುಗಿಸಿದೆ. ಬಡಿತ ನಿಲ್ಲಲಿಲ್ಲ.” ಅವನ ದನಿ ತಗ್ಗಿತು. “ಕೇಳಿಸ್ತಾ ಇತ್ತು ಕಣೆ. ತಪ್ ತಪ್ ಅಂತ. ಮೊಂಡು ಹೆಂಗಸರು, ಕೈಯಲ್ಲಿರೋ ಹಾಸು ಮುಗಿಸಿ ಏಳ್ತಾರೆ, ಯಾವಾಗಲೂ ಹೀಗೇ ಅಂದ್ಕೊಂಡೆ. ಅಂದ್ಕೊಂಡು, ಎತ್ತು ಅಂದುಬಿಟ್ಟೆ.”

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅವಳು ಅಪ್ಪನ ಕೈ ಹಿಡಿದುಕೊಂಡಳು. ತೊಳೆದು ತೊಳೆದು ಬೆರಳ ತುದಿಗಳು ಸುಕ್ಕಾಗಿದ್ದವು.

“ನಾಳೆ ಊದದೆ ಇದ್ರೆ, ನಿನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಅವನೂ ಹಾಗೇ ಅಂದ್ಕೊಳ್ತಾನೆ. ಅತ್ತೆ ಅದೇ ನೀರಲ್ಲಿ ನಿಂತಿರ್ತಾಳೆ.”

ಅಪ್ಪ ಪಕ್ಕದಲ್ಲಿದ್ದ ಆ ಲೋಟವನ್ನು ನೋಡಿದ. ಆಮೇಲೆ ಎದ್ದು ಅದನ್ನು ಗೂಡಿನಲ್ಲಿಟ್ಟು, ಬಾಗಿಲು ಮುಚ್ಚಿದ.

“ಇಸ್ತ್ರಿ ಮಾಡಿದ ಅಂಗಿ ಇದೆಯಾ ನೋಡು. ಗುಮಾಸ್ತನ ಮುಂದೆ ಮುದುಡಿದ್ದು ಹಾಕ್ಕೊಂಡು ನಿಲ್ಲೋಕಾಗಲ್ಲ.”

*

ಮರುದಿನ ಆಕಾಶ ಕೈಕೊಟ್ಟಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲಿಂದಲೋ ಮೋಡ ಬಂದು ಸೂರ್ಯನನ್ನು ಮುಚ್ಚಿಕೊಂಡು ಕೂತಿತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಹಗ್ಗದ ಮೇಲಿನ ಹಾಸುಗಳು ಸುಮ್ಮನೆ ಇಳಿಬಿದ್ದಿದ್ದವು. ಅಣೆಕಟ್ಟಿನ ಮೇಲಿನ ಕೊಂಬು ಚಿತ್ರ ಬರೆದಿಟ್ಟ ಹಾಗೆ ನಿಚ್ಚಳವಾಗಿ, ಅಲುಗದೆ ಕಾಣುತ್ತಿತ್ತು.

ಮಗಳು ಮೋಡದ ಅಂಚು ಹುಡುಕಿದಳು. ಈಗ ಊದಿದರೆ ಕೇಳಿಸಿಯೇಬಿಡಬಹುದು. ಕೇಳಿಸಿತೋ, ಅಪ್ಪನ ತಲೆಯ ಮೇಲೆ ಚಪ್ಪಡಿ ಕಲ್ಲನ್ನು ತಾನೇ ಎಳೆದಂತೆ.

“ಸಾರ್, ಸ್ವಲ್ಪ ಕಾಯೋಣ.”

“ಯಾಕಮ್ಮ?” ಎಂಜಿನಿಯರ್ ಕೈಗಡಿಯಾರ ನೋಡಿದರು.

“ಅವತ್ತು ಬಿಸಿಲಿತ್ತು. ಗಾಳಿಯಿತ್ತು. ಅವತ್ತಿನ ಹಾಗೇ ಇರಬೇಕಲ್ಲ ಪರೀಕ್ಷೆ.”

“ನೆಪ ಶುರುವಾಯ್ತು,” ಎಂದು ಒಬ್ಬಳು ಗೊಣಗಿದಳು. ಹಂಡೆಯ ಹತ್ತಿರ ನಿಂತಿದ್ದ ಅತ್ತೆ ಅವಳ ಕಡೆ ತಿರುಗಿದಳು. “ಅವತ್ತು ಬಿಸಿಲಿತ್ತೋ ಇಲ್ವೋ? ನೆತ್ತಿ ಸುಡ್ತಿದೆ ಅಂತ ಅತ್ತಿದ್ದು ನೀನೇ ತಾನೇ? ಇತ್ತು ಅಂದ್ಮೇಲೆ ಬಾಯಿ ಮುಚ್ಕೊಂಡು ಕಾಯಿ.” ಅಣ್ಣನ ಮೇಲೆ ಎಷ್ಟು ಸಿಟ್ಟಿದ್ದರೂ ಅತ್ತೆಗೆ ಅಡ್ಡದಾರಿ ಆಗುತ್ತಿರಲಿಲ್ಲ.

ಕಾದರು. ಎಂಜಿನಿಯರ್‌ಗೆ ಚಹಾ ಬಂತು. ಮಗಳು ಚಹಾ ಮುಟ್ಟದೆ ಕೊಂಬನ್ನೇ ನೋಡುತ್ತ ನಿಂತಳು. ಮೋಡ ಒಂದು ಮೂಲೆಯಲ್ಲಿ ತೆಳುವಾಯಿತು, ಮತ್ತೆ ಮುಚ್ಚಿತು, ಕೊನೆಗೆ ಯಾರೋ ಹಾಸು ಕೊಡವಿದಂತೆ ಸರಿದುಹೋಯಿತು. ಬಿಸಿಲು ಮರಳಿನ ಮೇಲೆ ದಬ್ಬನೆ ಬಿತ್ತು. ಬಂಡೆಗಳು ಕಾದವು. ಇಳಿಬಿದ್ದಿದ್ದ ಹಾಸಿನ ಅಂಚು ಒಮ್ಮೆ ಎದ್ದು ಕೂತಿತು, ಆಮೇಲೆ ಹಾಸುಗಳು ಸಾಲುಸಾಲೇ ಅಣೆಕಟ್ಟಿನ ಕಡೆಗೆ ಹೊಟ್ಟೆ ಉಬ್ಬಿಸಿದವು. ದೂರದಲ್ಲಿ ಕೊಂಬು ತುಯ್ಯತೊಡಗಿತು.

“ಈಗ,” ಎಂದಳು.

ಅತ್ತೆ ಎರಡು ಕೈ ಮೇಲೆತ್ತಿದಳು. “ಎಲ್ಲ ನಿಲ್ಲಿಸಿ! ಉಸಿರಾಡೋದೂ ಮೆಲ್ಲಗೆ!” ಬಡಿತ ನಿಂತಿತು. ಹಂಡೆಯ ಬೆಂಕಿ ತಗ್ಗಿಸಿದರು. ಕಟ್ಟೆ ಕಟ್ಟೆಯೇ ಕಿವಿಯಾಯಿತು.

ಎಂಜಿನಿಯರ್ ಗುಮಾಸ್ತನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಅಂಗೈಯಲ್ಲಿ ಹಿಡಿದರು. “ಊದಲಿ. ನಿಲ್ಲಿಸು ಅನ್ನೋವರೆಗೂ ಊದಲಿ.”

ಫೋನು ಕಿರುಚಿತು. ಅಷ್ಟು ಚಿಕ್ಕ ಡಬ್ಬಿಯಿಂದ ಅಷ್ಟು ದೊಡ್ಡ ಸೈರನ್ ಒಮ್ಮೆಲೇ ಹೊರಬಿದ್ದದ್ದಕ್ಕೆ ಎಂಜಿನಿಯರ್ ಕೈಯಿಂದಲೇ ಜಾರಿತು, ಹಿಡಿದುಕೊಂಡರು. ಅತ್ತ ಅಪ್ಪ ಊದುತ್ತಿದ್ದ, ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಎಂಜಿನಿಯರ್ ಸ್ಪೀಕರ್ ಆರಿಸಿದರು.

ಮೌನ.

ಎಲ್ಲರೂ ಕೊಂಬಿನ ಕಡೆ ನೋಡುತ್ತಿದ್ದರು. ಸದ್ದು ಬರಲು ಹಿಡಿಯುವ ಹೊತ್ತು ಕಳೆಯಿತು. ಇನ್ನಷ್ಟು ಕಳೆಯಿತು. ಹಗ್ಗದ ಮೇಲಿನ ಬಟ್ಟೆ ಪಟಪಟ ಅಂದಿತು, ಹೊಳೆಯ ನೀರು ಕಲ್ಲಿಗೆ ತಾಗಿ ಲಪಲಪ ಅಂದಿತು, ಅಷ್ಟೇ. ಎಂಜಿನಿಯರ್ ಮತ್ತೆ ಸ್ಪೀಕರ್ ಒತ್ತಿದರು, ಫೋನು ಕಿರುಚಿತು. ಆರಿಸಿದರು, ಏನೂ ಇಲ್ಲ. ಅವರ ಹಣೆಯ ಮೇಲೆ ಬೆವರು ಮೂಡಿತು. ಬಿಸಿಲಿಗಿರಲಿಕ್ಕಿಲ್ಲ.

ಆಗ ಬಂತು. ‘ಪೋ—’ ಅಷ್ಟೇ. ತೆಳ್ಳಗೆ, ಹರಿದ ಅಂಚಿನ ಒಂದು ಚೂರು. ಮತ್ತೆ ಏನೂ ಇಲ್ಲ. ಆಮೇಲೆ ಇನ್ನೊಂದು ಚೂರು, ಸ್ವಲ್ಪ ಉದ್ದದ್ದು, ನಡುವಿನಲ್ಲಿ ಕಡಿದುಹೋದದ್ದು.

“ಬಂತು ನೋಡಿ ಬಿಕ್ಕಳಿಕೆ!” ತಾತ ಕೂತಲ್ಲಿಂದಲೇ ಕೂಗಿದ. “ನನ್ನ ಮಿಷನ್ ಕೆಟ್ಟಿತ್ತಾ? ಹೇಳಿ ಈಗ, ಯಾರದು ಕೆಟ್ಟಿತ್ತು?”

ಯಾರೂ ನಗಲಿಲ್ಲ. ಅತ್ತೆ ತನ್ನ ಕಲ್ಲಿನ ಪಕ್ಕ ನಿಂತೇ ಇದ್ದಳು. ಗಾಯವಾದ ಮೊಣಕೈಯನ್ನು ಇನ್ನೊಂದು ಕೈ ಹಿಡಿದಿತ್ತು. “ಇಷ್ಟೇನಾ?” ಎಂದಳು ಮೆಲ್ಲಗೆ. “ಅವನು ಊದ್ತಾನೇ ಇದಾನಾ? ಈಗಲೂ?”

“ಊದ್ತಾನೇ ಇದಾನೆ ಅತ್ತೆ. ಸದ್ದು ಎಲ್ಲಿದೆ ಅಂತ ನೋಡಬೇಕಾ?” ಮಗಳು ಟ್ಯಾಂಕಿನ ತುದಿಗೆ ಬೆರಳು ತೋರಿಸಿದಳು.

ಎಂಜಿನಿಯರ್ ಏಣಿಯ ಕಡೆ ಹೆಜ್ಜೆಯಿಟ್ಟರು. ಅಷ್ಟರಲ್ಲಿ ಅತ್ತೆ ಚಪ್ಪಲಿ ಕಳಚಿ ಎಸೆದಾಗಿತ್ತು. “ಸರೀರಿ ಸಾರ್, ಕಂಬ ತಬ್ಬಿಕೊಂಡೋಳು ನಾನು.” ತೂಕದ ಹೆಂಗಸು, ಏಣಿಯ ಕಬ್ಬಿಣ ಕಾದು ಕೆಂಡ. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ಕೆಳಗೆ ಬೀಳುತ್ತಿತ್ತು: ಬಿಸಿಲಿಗೊಂದು, ಏಣಿ ಮಾಡಿದವನಿಗೊಂದು, ಅಣ್ಣನಿಗೊಂದು. ಅರ್ಧ ದಾಟಿದ ಮೇಲೆ ಬೈಗುಳ ಕಡಿಮೆಯಾಯಿತು. ತುದಿಯ ಹತ್ತಿರ ನಿಂತೇಹೋಯಿತು.

ಟ್ಯಾಂಕಿನ ಮೇಲೆ ಅತ್ತೆ ಅಲುಗದೆ ನಿಂತಳು. ಕೆಳಗಿದ್ದವರಿಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು.

“ಊದ್ತಾ ಇದಾನೆ!”

ಅತ್ತೆ ಕೆಳಗಿನವರ ಕಡೆ ತಿರುಗಲೇ ಇಲ್ಲ. ಅಣೆಕಟ್ಟಿನ ಕಡೆಗೇ ಮುಖ ಮಾಡಿ, ಎರಡು ಕೈಯನ್ನೂ ಬಾಯಿಗೆ ಒಡ್ಡಿ ಕೂಗಿದಳು. “ಊದ್ತಾ ಇದಾನೆ! ಅಣ್ಣ ಊದ್ತಾ ಇದಾನೆ ಕಣ್ರೇ! ಕಿವಿ ಕಿತ್ತುಹೋಗೋ ಹಾಗೆ! ಅಣ್ಣಾ! ಅಣ್ಣಾ! ಕೇಳ್ತು!”

ಎಂಜಿನಿಯರ್ ಏಣಿ ಹತ್ತಿ, ಅರ್ಧಕ್ಕಿಂತ ಮೇಲೆ ಒಂದು ಕಡೆ ನಿಂತರು, ಎರಡು ಮೆಟ್ಟಿಲು ಇಳಿದರು, ಮತ್ತೆ ಹತ್ತಿದರು. ಹತ್ತಿದಾಗ ಅವರ ಮುಖ ಮಗುವಿನ ಮುಖವಾಗುತ್ತಿತ್ತು. “ಇಲ್ಲಿದೆ,” ಎಂದರು. “ಇಲ್ಲಿ ಇಲ್ಲ. ಇಲ್ಲಿದೆ!” ಕೆಳಗೆ ಹೆಂಗಸರು ತಡೆಯಲಾರದೆ ಚಪ್ಪಾಳೆ ತಟ್ಟಿದರು. ತಾತ ಎದ್ದು ನಿಂತು ಎಲ್ಲ ಕಡೆಗೂ ಕೈಬೀಸಿದ.

ಎಂಜಿನಿಯರ್ ಇಳಿದು, ಮತ್ತೆ ಸ್ಪೀಕರ್ ಹಾಕಿ, ನಿಲ್ಲಿಸಲು ಹೇಳಿದರು. ಸೈರನ್ನಿನ ಕಿರುಚಾಟ ಇಳಿಯುತ್ತ ಇಳಿಯುತ್ತ ಆರಿತು. ಆಮೇಲೆ ಅಪ್ಪನ ದನಿ, ಆತುರದಲ್ಲಿ:

“ಅವಳು ಟ್ಯಾಂಕ್ ಹತ್ತಿದ್ದಾಳಾ?”

“ನಿನಗೆ ಹೇಗೆ ಗೊತ್ತಾಯ್ತು ಅಪ್ಪ?”

“ನಡುವೆ ಕೈ ಸೋತು ಒಮ್ಮೆ ಗುಂಡಿ ಬಿಟ್ಟಿದ್ದೆ. ಅಣ್ಣಾ ಅಂತ ಕೇಳಿಸ್ತು. ಕಿಟಕೀಲಿ ನೋಡಿದ್ರೆ ಟ್ಯಾಂಕಿನ ಮೇಲೆ ಯಾರೋ ಕಂಡ್ರು.” ಸ್ವಲ್ಪ ತಡೆದು, “ಇಳಿಯುವಾಗ ಹುಷಾರು ಅಂತ ಹೇಳು. ಚಿಕ್ಕಂದಿನಲ್ಲೂ ಹತ್ತೋಕೆ ಮಾತ್ರ ಬರ್ತಿತ್ತು ಅವಳಿಗೆ, ಇಳಿಯೋಕೆ ನಾನೇ ಬೇಕಾಗಿತ್ತು.”

ಅತ್ತೆ ಇಳಿದು ಬಂದಳು. ಅಂಗೈ ಕೆಂಪಾಗಿತ್ತು, ಕಣ್ಣೂ ಕೆಂಪಾಗಿತ್ತು. ಫೋನನ್ನು ಎಂಜಿನಿಯರ್ ಕೈಯಿಂದ ಕಸಿದುಕೊಂಡಳು. “ಏನೋ ಅಂತಿದ್ದೆ ನನ್ನ ಬಗ್ಗೆ?”

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮಗಳಿಗೆ ಆ ಮೌನ ಗೊತ್ತಿತ್ತು.

“ನಿನ್ನ ಬಡಿತ ನಿಂತಿಲ್ಲ ಅಂತ ನನಗೆ ಅವತ್ತು ಕೇಳಿಸ್ತಿತ್ತು,” ಎಂದ ಅಪ್ಪ. ಎಲ್ಲರೆದುರು, ಗುಮಾಸ್ತನೆದುರು, ಎಂಜಿನಿಯರ್ ಎದುರು. “ಕೇಳಿಸ್ತಿದ್ರೂ ಎತ್ತು ಅಂದೆ. ಮುಗಿಸಿ ಏಳ್ತಾಳೆ ಅಂದ್ಕೊಂಡೆ. ಅದು ನನ್ನ ತಪ್ಪು.”

ಅತ್ತೆ ಮೂಗು ಒರೆಸಿಕೊಂಡಳು. “ಸರಿ ಬಿಡು. ನಿನ್ನ ಮಾತಿಗೆ ನಾನು ಯಾವತ್ತು ಕೈಲಿದ್ದ ಕೆಲಸ ನಿಲ್ಲಿಸಿದ್ದೆ? ಕೇಳಿಸಿದ್ರೂ ಆ ಹಾಸು ಮುಗಿಸಿಯೇ ಏಳ್ತಿದ್ದೆ.” ಎಸೆದಿದ್ದ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. “ರಾತ್ರಿ ಊಟಕ್ಕೆ ಬಾ. ಆ ಗುಮ್ಮನಗುಸುಕಿನೂ ಕರ್ಕೊಂಡು ಬಾ. ಇವತ್ತು ಅವಳಾಡಿದ ಮಾತು ಅವಳ ಇಡೀ ವರ್ಷದ ಲೆಕ್ಕಕ್ಕೆ ಸಾಕು.”

*

ಹೊಸ ಏರ್ಪಾಡು ಎಂಜಿನಿಯರ್‌ದೇ. ಕಟ್ಟೆಯ ಟ್ಯಾಂಕಿನ ಕಾಲಿಗೇ ಎರಡನೆಯ ಕೊಂಬು ಬಿಗಿಸಿದರು. ಅಪ್ಪ ಅಣೆಕಟ್ಟಿನ ಕೋಣೆಯಲ್ಲಿ ಗುಂಡಿ ಒತ್ತಿದರೆ ಎರಡೂ ಒಟ್ಟಿಗೆ ಕೂಗಬೇಕು. ಪರೀಕ್ಷೆ ಇನ್ನು ಮೇಲೆ ನಡುಮಧ್ಯಾಹ್ನ. ಕಟ್ಟೆಯವರು ನೀರಿನಿಂದ ಮೇಲೆ ಬಂದು, ಟ್ಯಾಂಕಿನ ತುದಿಯಿಂದ ಒಂದು ಬಿಳಿ ಹಾಸು ಇಳಿಬಿಡಬೇಕು. ಹಾಸು ಕಾಣುವವರೆಗೆ ‘ಎತ್ತು’ ಅನ್ನುವ ಹಾಗಿಲ್ಲ. ಇದಕ್ಕೆ ಅಪ್ಪ ತನ್ನದೊಂದು ಷರತ್ತು ಸೇರಿಸಿದ: ಬಡಿತವೂ ನಿಂತಿರಬೇಕು.

ಮೊದಲ ಸಲ ನೀರು ಬಿಡುವ ದಿನ ಮಗಳು ಸೈರನ್ ಕೋಣೆಗೆ ಹೋದಳು. ಸಣ್ಣ ಕೋಣೆ, ಒಂದು ಮೇಜು, ಒಂದು ಫೋನು, ಹೊಳೆಯ ಕಡೆಗೆ ತೆರೆದ ಕಿಟಕಿ. ಅಪ್ಪನ ಅಂಗಿಯ ಕಾಲರು ಗರಿಗರಿಯಾಗಿತ್ತು. ಕಿಟಕಿಯಿಂದ ತಪ್ ತಪ್ ಎಂಬ ಬಡಿತ, ನಡುನಡುವೆ ಅತ್ತೆಯ ದನಿ, ಎಲ್ಲ ಗಾಳಿಯ ಜೊತೆ ಒಳಕ್ಕೆ ಬರುತ್ತಿದ್ದವು.

“ತಾತನಿಗೆ ಬೈತಿದ್ದಾಳೆ,” ಎಂದ ಅಪ್ಪ. “ಟ್ಯಾಂಕಿನ ಕೊಂಬಿಗೆ ತಾನೇ ಯಜಮಾನ ಅಂತ ಓಡಾಡ್ತಾನಂತೆ.”

ಅವನು ಗುಂಡಿ ಒತ್ತಿದ. ತಲೆಯ ಮೇಲೆ ಕೊಂಬು ಕೂಗಿತು, ಕೋಣೆಯ ಗಾಜು ನಡುಗಿತು. ಮಗಳು ಕಿವಿ ಮುಚ್ಚಿಕೊಂಡಳು. ಊದಿ ಮುಗಿಸಿ ಅಪ್ಪ ಕೈ ತೆಗೆದ. ಒಂದು ಕ್ಷಣ ದೂರದ ಕೊಂಬಿನ ಬಾಲ ಗಾಳಿಯಲ್ಲಿ ತೇಲಿಬಂದು ಇವರ ಕಿಟಕಿಗೆ ತಾಗಿ ಕರಗಿತು. ಅವನು ಫೋನ್ ಕೈಗೆತ್ತಿಕೊಂಡ. ಗೇಟಿನವನು ಅತ್ತ ಕಡೆ ಕಾಯುತ್ತಿದ್ದ. ಅಪ್ಪ ಮಾತಾಡಲಿಲ್ಲ.

ತಪ್. ತಪ್. ಒಂದೊಂದೇ ಕಡಿಮೆಯಾದವು. ಟ್ಯಾಂಕಿನ ತುದಿಯಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು, ಬಿಚ್ಚಿಕೊಂಡಿತು, ಗಾಳಿಗೆ ಇವರ ಕಡೆಗೇ ಉಬ್ಬಿ ನಿಂತಿತು. ಅಪ್ಪ ಫೋನನ್ನು ಬಾಯಿಯ ಹತ್ತಿರ ತಂದ.

ತಪ್.

“ನೋಡಿದ್ಯಾ ಕೊಬ್ಬು!” ಅಪ್ಪ ನಕ್ಕುಬಿಟ್ಟ. “ದಡದ ಮೇಲಿನ ಕಲ್ಲಿಗೆ ಬೇಕಂತಲೇ ಒಂದು ಹೊಡೆದಳು. ನಾನು ಕಾಯ್ತೀನೋ ಇಲ್ವೋ ಅಂತ ಪರೀಕ್ಷೆ ನನಗೆ!”

ಕಾದ. ಗೇಟಿನವನು ಫೋನಿನಲ್ಲಿ “ಏನಾಯ್ತಣ್ಣ?” ಎಂದ. ಅಪ್ಪ ಕಿಟಕಿಯ ಕಡೆ ತಲೆ ವಾಲಿಸಿ ಕೇಳುತ್ತಿದ್ದ. ಗಾಳಿ ಬಂತು, ಬರಿಗೈಯಲ್ಲಿ ಬಂತು: ಬಡಿತವಿಲ್ಲ, ಬೈಗುಳವಿಲ್ಲ. ಹೊಳೆಯಲ್ಲಿ ಯಾರೂ ಇಲ್ಲ. ಮಗಳು ಆ ಮೌನವನ್ನು ಕಿವಿತುಂಬ ಕೇಳಿದಳು. ಅಪ್ಪ ಅವಳ ಕಡೆ ನೋಡಿದ, ಅವಳು ಹೂಂ ಅಂತ ತಲೆಯಾಡಿಸಿದಳು.

ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಫೋನಿನಲ್ಲಿ ಹೇಳಿದ:

“ಎತ್ತು.”